ಜೀಪಿನ ಹಿಂದಿನ ಸೀಟು

ಮಾಘ ಮಾಸ ಬಂದಿತೆಂದರೆ ತುಂಗಭದ್ರೆಯ ಈಚೆ ದಡದ ಹಾದಿಗಳಿಗೆಲ್ಲ ಜೀವ ಬರುತ್ತದೆ. ಭರತ ಹುಣ್ಣಿಮೆಯ ವೇಳೆಗೆ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರಣಿಕ. ಅದರ ಬೆನ್ನಿಗೇ ಕೊಟ್ಟೂರಿನಲ್ಲಿ ಗುರು ಬಸವೇಶ್ವರನ ತೇರು. ಅನಂತರ ಹೊಳೆಯ ದಂಡೆಯ ಕುರುವತ್ತಿಯಲ್ಲಿ ಜಾತ್ರೆ. ಕೂಡ್ಲಿಗಿಯ ಕಲ್ಲುಗುಡ್ಡಗಳ ನಡುವಿನಿಂದ, ಹಗರಿಬೊಮ್ಮನಹಳ್ಳಿಯ ಹಿನ್ನೀರಿನ ಅಂಚಿನಿಂದ, ಹರಪನಹಳ್ಳಿಯ ಮೆಕ್ಕೆಜೋಳದ ಹೊಲಗಳಿಂದ ಜನ ಹೊರಡುತ್ತಾರೆ. ಹರಕೆ ಹೊತ್ತವರು ಕಾಲ್ನಡಿಗೆಯಲ್ಲಿ, ಎತ್ತಿನ ಮೇಲೆ ಅಭಿಮಾನವುಳ್ಳವರು ಗಾಡಿ ಕಟ್ಟಿಕೊಂಡು, ಮಿಕ್ಕವರು ಬಸ್ಸಿನಲ್ಲಿ. ಬಸ್ಸು ಮುಟ್ಟದ ಊರಿನವರಿಗೆ ಜೀಪು, ಟ್ರ್ಯಾಕ್ಸು, ಕ್ರೂಸರುಗಳೇ ಗತಿ.

ಅಂತಹ ಜೀಪೊಂದು ಊರ ಅಗಸೆಯ ಮುಂದೆ ನಿಂತಾಗ ಅದರ ಹಿಂಬಾಗಿಲಿನ ಬಳಿ ಒಂದು ಸಣ್ಣ ಚರ್ಚೆ ತಪ್ಪದೆ ನಡೆಯುತ್ತದೆ.

"ಯಪ್ಪಾ, ನನ್ನ ಹಿಂದ ಕುಂದ್ರಸಬ್ಯಾಡ. ಹ್ವಾದ ವರ್ಷದ ಸೊಂಟದ ನೋವು ಇನ್ನಾ ಹೋಗಿಲ್ಲ" ಎನ್ನುತ್ತಾಳೆ ಮುದುಕಿ.

"ಮೆಲ್ಲಕ ಹೊಡಿತೀನಿ ಬಾ ಅಜ್ಜಿ, ಹತ್ತು" ಎನ್ನುತ್ತಾನೆ ಚಾಲಕ.

ಆತ ಮಾತಿಗೆ ತಪ್ಪುವವನಲ್ಲ, ಮೆಲ್ಲಗೆಯೇ ನಡೆಸುತ್ತಾನೆ. ಆದರೂ ಎರಡು ಹಳ್ಳ ದಾಟುವುದರೊಳಗೆ ಮುದುಕಿಯ ಸೊಂಟ ಹಿಡಿದುಕೊಳ್ಳುತ್ತದೆ. ಎದುರು ಕುಳಿತ ಹುಡುಗಿಗೆ ವಾಂತಿ ಬರುತ್ತದೆ. ಮೂಲೆಯ ಯುವಕನ ತಲೆ ಮೇಲಿನ ಕಬ್ಬಿಣದ ಪೈಪಿಗೆ ಬಡಿಯುತ್ತದೆ. ಎಲ್ಲರೂ ರಸ್ತೆಯನ್ನು ಬೈಯುತ್ತಾರೆ, ಧೈರ್ಯವುಳ್ಳವರು ಚಾಲಕನನ್ನೂ ಬೈಯುತ್ತಾರೆ. ಸೀಟನ್ನು ಮಾತ್ರ ಯಾರೂ ಬೈಯುವುದಿಲ್ಲ. ಬೈದರೂ ಅದರ ಗಾದಿ ತೆಳುವಾಯಿತೆಂದು ಬೈದಾರೇ ಹೊರತು, ಅದು ಇರುವ ಜಾಗ ಸರಿಯಿಲ್ಲವೆಂದಾಗಲಿ, ಅದು ನೋಡುವ ದಿಕ್ಕು ಸರಿಯಿಲ್ಲವೆಂದಾಗಲಿ ಯಾರಿಗೂ ಹೊಳೆಯುವುದಿಲ್ಲ. ದೋಷದ ಬಹುಪಾಲು ಇರುವುದು ಅಲ್ಲಿಯೇ.

ಗಾಡಿ ಹೊಡೆಯುವವನ ಲೆಕ್ಕ

ಎತ್ತಿನ ಗಾಡಿ ಹೂಡುವ ರೈತನಿಗೆ ಈ ಶಾಸ್ತ್ರ ಹೊಸದಲ್ಲ. ಜೋಳದ ಚೀಲಗಳನ್ನು ಹೇರುವಾಗ ಆತ ಒಂದು ಚೀಲವನ್ನು ಅತ್ತ ಸರಿಸಿ, ಇನ್ನೊಂದನ್ನು ಇತ್ತ ಎಳೆದು, ಮೂಕಿಯನ್ನು ಕೈಯಲ್ಲಿ ಎತ್ತಿ ತೂಗಿ ನೋಡುತ್ತಾನೆ. ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳಿನ ಪಟ್ಟಿ ಎತ್ತುಗಳ ಗಂಟಲನ್ನು ಒತ್ತುತ್ತದೆ. ಮುಂಭಾರವಾದರೆ ನೊಗ ಹೆಗಲನ್ನು ಹುಣ್ಣು ಮಾಡುತ್ತದೆ. ಭಾರ ಎಷ್ಟೆಂಬುದಕ್ಕಿಂತ ಅಚ್ಚಿನಿಂದ ಎಷ್ಟು ದೂರದಲ್ಲಿದೆ ಎಂಬುದೇ ಮುಖ್ಯವೆಂದು ಆತನಿಗೆ ಯಾವ ಶಾಲೆಯೂ ಕಲಿಸಬೇಕಾಗಿಲ್ಲ.

ಗಾಡಿಗೆ ಒಂದು ಅಚ್ಚು, ಜೀಪಿಗೆ ಎರಡು. ಇಷ್ಟೇ ವ್ಯತ್ಯಾಸ. ಎರಡು ಅಚ್ಚುಗಳ ನಡುವೆ ಇನ್ನೂರು ಸೆಂಟಿಮೀಟರು ಅಂತರವಿರುವ ಜೀಪೊಂದನ್ನು ಕಲ್ಪಿಸಿಕೊಳ್ಳಬಹುದು. ಹಳೆಯ ಜೀಪುಗಳ ಅಂತರ 80 ಅಂಗುಲ, ಅಂದರೆ ಹೆಚ್ಚು ಕಡಿಮೆ ಅಷ್ಟೇ. ಹಿಂದಿನ ಗಾಲಿಗಳು 10 ಸೆಂಟಿಮೀಟರು ಎತ್ತರದ ದಿಣ್ಣೆಯನ್ನು ಹತ್ತುತ್ತವೆ. ಸ್ಪ್ರಿಂಗುಗಳ ಆಟವನ್ನು ಸದ್ಯಕ್ಕೆ ಬಿಟ್ಟು ಲೆಕ್ಕ ಹಾಕಿದರೆ, ಎರಡೂ ಅಚ್ಚುಗಳ ನಟ್ಟನಡುವೆ ಕುಳಿತವನು ಮೇಲೇಳುವುದು 5 ಸೆಂಟಿಮೀಟರು ಮಾತ್ರ. ಹಿಂದಿನ ಅಚ್ಚಿನ ನೆತ್ತಿಯ ಮೇಲೆ ಕುಳಿತವನು ಪೂರಾ ಹತ್ತನ್ನೂ ಅನುಭವಿಸುತ್ತಾನೆ. ಆತನ ಸೀಟನ್ನು 20 ಸೆಂಟಿಮೀಟರಿನಷ್ಟು, ಅಂದರೆ ಒಂದು ಗೇಣಿನಷ್ಟು, ಮುಂದಕ್ಕೆ ತಂದರೆ ಆ ಹತ್ತು ಒಂಬತ್ತಾಗುತ್ತದೆ. ಎರಡು ಗೇಣು ತಂದರೆ ಎಂಟಾಗುತ್ತದೆ. ಉದ್ದ ದೇಹದ ಬಾಡಿಗೆ ವಾಹನಗಳಲ್ಲಿ ಕಟ್ಟಕಡೆಯ ಸೀಟುಗಳು ಅಚ್ಚನ್ನೂ ದಾಟಿ ಹಿಂದಕ್ಕೆ ಹೋಗಿರುತ್ತವೆ. ಅಚ್ಚುಗಳ ನಡುವೆ 240 ಸೆಂಟಿಮೀಟರು ಇರುವ ವಾಹನದಲ್ಲಿ ಹಿಂದಿನ ಅಚ್ಚಿನಿಂದ 40 ಸೆಂಟಿಮೀಟರು ಆಚೆ ಕುಳಿತವನು, ಗಾಲಿ ಹತ್ತು ಏರಿದರೆ ತಾನು ಹನ್ನೊಂದೂವರೆಗೂ ಮಿಕ್ಕಿ ಏರುತ್ತಾನೆ. ರಸ್ತೆಯಲ್ಲಿಲ್ಲದ ದಿಣ್ಣೆಯನ್ನು ಆತನ ಸೀಟೇ ಹುಟ್ಟಿಸಿಕೊಡುತ್ತದೆ!

ಮೂಕಿಯ ಲೆಕ್ಕವೂ ಇಲ್ಲಿ ತಪ್ಪುವುದಿಲ್ಲ. ತಲಾ 60 ಕಿಲೋ ತೂಕದ ನಾಲ್ವರು ಆ ಕಡೆಯ ಸೀಟಿನಲ್ಲಿ ಕುಳಿತರೆ ಮುಂದಿನ ಗಾಲಿಗಳ ಮೇಲಿನ ಭಾರದಲ್ಲಿ 40 ಕಿಲೋ ಇಳಿಯುತ್ತದೆ. ಅವರ ಹಿಂದೆ ಚೀಲಗಳೂ, ಅಡುಗೆಯ ಪಾತ್ರೆಗಳೂ, ಏಣಿ ಹಿಡಿದು ನೇತಾಡುವ ಇಬ್ಬರೂ ಸೇರಿದರೆ ಇನ್ನೂ ಇಳಿಯುತ್ತದೆ. ಮುಂದಿನ ಗಾಲಿ ಹಗುರಾದಂತೆ ಚಾಲಕನ ಕೈಯಲ್ಲಿ ಸ್ಟಿಯರಿಂಗು ಮೆದುವಾಗುತ್ತದೆ. ಮಳೆಗಾಲದ ಎರೆನೆಲದಲ್ಲಿ ಆತ ಬಲಕ್ಕೆ ತಿರುಗಿಸಿದರೆ ವಾಹನ ಸ್ವಲ್ಪ ಯೋಚಿಸಿ ಆಮೇಲೆ ಬಲಕ್ಕೆ ಹೋಗುತ್ತದೆ. ಆ ಯೋಚನೆಯ ಅವಧಿಯಲ್ಲಿ ಅನಾಹುತಕ್ಕೆ ಬೇಕಾದಷ್ಟು ಸಮಯವಿರುತ್ತದೆ.

ಸ್ಪ್ರಿಂಗುಗಳ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬಹುದು. ಹಳೆಯ ಜೀಪಿನ ಹಿಂದಿನ ಉಕ್ಕಿನ ಪಟ್ಟಿಗಳು ಪೂರ್ಣ ಭಾರಕ್ಕೆಂದು ಕಟ್ಟಿದವು. ಬರಿದಾದ ಜೀಪಿನ ಹಿಂದೆ ಒಬ್ಬನೇ ಕುಳಿತಾಗ ಅವು ಬಾಗುವುದೇ ಇಲ್ಲ; ಆತನನ್ನು ಚೆಂಡಿನಂತೆ ಎತ್ತಿ ಹಾಕುತ್ತವೆ. ತುಂಬಿದ ಜೀಪಿಗಿಂತ ಖಾಲಿ ಜೀಪಿನಲ್ಲಿ ಮೈನೋವು ಹೆಚ್ಚೆಂದು ಅನುಭವಿಗಳು ಹೇಳುವುದು ಸುಳ್ಳಲ್ಲ.

ಎರಡು ಪಾಲಿನ ಸೀಟು ಆರು ಪಾಲಾದುದು

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. 1940ರಲ್ಲಿ ಅಮೆರಿಕದ ಸೈನ್ಯಕ್ಕೆ ಬ್ಯಾಂಟಮ್ ಕಂಪನಿ ಮೊದಲ ಮಾದರಿಯನ್ನು ಕಟ್ಟಿಕೊಟ್ಟಿತು. 1941ರಿಂದ ಮುಂದೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದವು. ಆ ಮೂಲ ಜೀಪಿನ ಹಿಂದಿನ ಸೀಟು ಅಡ್ಡ ಸೀಟಾಗಿರಲಿಲ್ಲ ಎಂಬ ಸಂಗತಿ ಬಹು ಮಂದಿಗೆ ತಿಳಿಯದು. ಎರಡೂ ಗಾಲಿಗಳನ್ನು ಮುಚ್ಚಿದ ತಗಡಿನ ಗೂಡುಗಳ ನಡುವೆ, ಮುಂದಕ್ಕೆ ಮುಖ ಮಾಡಿದ ಒಂದು ಗಿಡ್ಡ ಬೆಂಚು. ಇಬ್ಬರು ಸಿಪಾಯಿಗಳಿಗೆ ಸಾಕಾಗುವಷ್ಟು. ಸಾಮಾನು ಹೇರಬೇಕಾದಾಗ ಅದನ್ನು ಮಡಚಿಡಬಹುದಾಗಿತ್ತು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪಿನ ಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು. ನಾಗರಿಕರ ಕೈಗೆ ಬಂದ ಮೇಲೆ ಜೀಪಿನ ಹಿಂಬದಿಯಲ್ಲಿ ಬೇರೊಂದು ಗಣಿತ ಆರಂಭವಾಯಿತು. ಅಡ್ಡಲಾಗಿ ಹಾಕಿದ ಬೆಂಚಿನಲ್ಲಿ ಇಬ್ಬರು. ಅದೇ ಜಾಗದಲ್ಲಿ ಎರಡೂ ಗಾಲಿಗೂಡುಗಳ ಮೇಲೆ ಎದುರುಬದುರಾಗಿ ಒಂದೊಂದು ಉದ್ದ ಹಲಗೆ ಹಾಸಿದರೆ ನಾಲ್ವರು. ನಮ್ಮ ನಾಡಿನ ಔದಾರ್ಯ ಸೇರಿದರೆ ಆರು, ಎಂಟು. ನಡುವೆ ನೆಲವೂ ಖಾಲಿ. ಅಲ್ಲಿ ಚೀಲವಿಡಬಹುದು, ಮಕ್ಕಳನ್ನು ಕೂರಿಸಬಹುದು. ಹೀಗೆ ಮುಂದೆ ನೋಡುತ್ತಿದ್ದ ಸೀಟು ಪಕ್ಕಕ್ಕೆ ತಿರುಗಿತು. ಅಲ್ಲದೆ ಗಾಲಿಗೂಡಿನ ಮೇಲೆಯೇ ಏರಿ ಕುಳಿತದ್ದರಿಂದ, ಎತ್ತರವೂ ಆಯಿತು, ಅಚ್ಚಿನ ನೆತ್ತಿಯ ಮೇಲೂ ಆಯಿತು.

1952ರ ಅಕ್ಟೋಬರ್ 2ರಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಯಿತು. ಮರುವರ್ಷ, 1953ರ ಅಕ್ಟೋಬರ್ 1ರಂದು, ಬಳ್ಳಾರಿಯ ಈ ತಾಲ್ಲೂಕುಗಳು ಮದರಾಸು ರಾಜ್ಯದಿಂದ ಬೇರ್ಪಟ್ಟು ಮೈಸೂರನ್ನು ಸೇರಿದವು. ತುಂಗಭದ್ರೆಯ ಅಣೆಕಟ್ಟಿನಲ್ಲಿ ನೀರು ನಿಂತದ್ದೂ ಅದೇ ಕಾಲದಲ್ಲಿಯೇ. ಬ್ಲಾಕ್ ಕಚೇರಿಯ ಜೀಪು ಹಳ್ಳಿಗೆ ಬರುವುದೆಂದರೆ ಸರ್ಕಾರವೇ ಬಂದಂತೆ. ಆ ಜೀಪಿನಲ್ಲಿ ಅಧಿಕಾರ ಮುಂದೆ ಕೂರುತ್ತಿತ್ತು. ಕಡತದ ಕಟ್ಟು, ಗ್ರಾಮಸೇವಕ, ಜವಾನ, ದಾಕು ಹಾಕುವವನ ಪೆಟ್ಟಿಗೆ ಇವೆಲ್ಲ ಹಿಂದೆ. ಹಿಂದಿನ ಸೀಟನ್ನು ಕುರಿತು ದೂರು ಮೇಲಿನವರ ಕಿವಿಗೆ ಬೀಳದೆ ಹೋದುದಕ್ಕೆ ಇದೂ ಒಂದು ಕಾರಣವಾಗಿದ್ದಿರಬೇಕು. ದೂರು ಕೊಡಬಲ್ಲವರು ಅಲ್ಲಿ ಕುಳಿತೇ ಇರಲಿಲ್ಲ.

ಅಡ್ಡ ಸೀಟಿನ ಪರವಾಗಿ ಒಂದು ಮಾತು ಹೇಳದೆ ಹೋದರೆ ಅನ್ಯಾಯವಾದೀತು. 2008ರಲ್ಲಿ ರಾಜ್ಯದಲ್ಲಿ 108ರ ಆಂಬುಲೆನ್ಸು ಬರುವ ಮುನ್ನ, ರಾತ್ರಿಯ ವೇಳೆ ಹೆರಿಗೆ ನೋವು ಬಂದ ಹೆಣ್ಣುಮಗಳನ್ನು ಆಸ್ಪತ್ರೆಗೆ ಮುಟ್ಟಿಸುತ್ತಿದ್ದುದು ಬಾಡಿಗೆ ಜೀಪುಗಳೇ. ಎರಡು ಅಡ್ಡ ಸೀಟುಗಳ ನಡುವಿನ ನೆಲದ ಮೇಲೆ ಹಾಸಿಗೆ ಹಾಸಿ ಬಸುರಿಯನ್ನು ಮಲಗಿಸಿ, ತಾಯಿಯೂ ಸೂಲಗಿತ್ತಿಯೂ ಎರಡು ಪಕ್ಕಗಳಲ್ಲಿ ಕುಳಿತು ಆಕೆಯನ್ನು ಹಿಡಿದುಕೊಳ್ಳಬಹುದಾಗಿತ್ತು. ಮುಂದೆ ನೋಡುವ ಬೆಂಚಿದ್ದಿದ್ದರೆ ಅದು ಸಾಧ್ಯವಿರಲಿಲ್ಲ. ನೆಲದ ಮೇಲೆ ಮಲಗಿದವಳಿಗೂ ಅಚ್ಚಿನ ಪೆಟ್ಟು ತಪ್ಪುತ್ತಿರಲಿಲ್ಲ ಎಂಬುದು ನಿಜ; ಆದರೆ ಆಸರೆಯ ಕೈಗಳಾದರೂ ಎರಡೂ ಕಡೆ ಇದ್ದವು.

ಪಕ್ಕಕ್ಕೆ ಕುಳಿತ ದೇಹ

ಕುಲುಕಾಟ ನೋವು ಕೊಡುತ್ತದೆ. ದಿಕ್ಕು ಪ್ರಾಣಕ್ಕೇ ಎರವಾಗಬಹುದು. ಮನುಷ್ಯನ ಬೆನ್ನುಮೂಳೆ, ಕುತ್ತಿಗೆಗಳು ಮುಂದಕ್ಕೆ ಬಾಗಲು ಅನುವಾಗಿರುವಷ್ಟು ಪಕ್ಕಕ್ಕೆ ಬಾಗಲು ಅನುವಾಗಿಲ್ಲ. ಮುಂದೆ ನೋಡಿ ಕುಳಿತವನು ಬ್ರೇಕು ಬಿದ್ದಾಗ ಪಾದ ಊರಿ, ಕೈ ಚಾಚಿ ತಡೆದುಕೊಳ್ಳುತ್ತಾನೆ. ಬೆಲ್ಟಿದ್ದರೆ ಅದು ಎದೆಯನ್ನೂ ಸೊಂಟವನ್ನೂ ಹಿಡಿಯುತ್ತದೆ. ಪಕ್ಕಕ್ಕೆ ಕುಳಿತವನಿಗೆ ಹಿಡಿಯಲು ಏನೂ ಇಲ್ಲ. ಆತನ ಪಕ್ಕದವನೇ ಆತನ ಗೋಡೆ. ಹೆಗಲ ಮೇಲಿಂದ ಬರುವ ಬೆಲ್ಟನ್ನು ಅಡ್ಡ ಸೀಟಿಗೆ ಕಟ್ಟಿದರೆ ಅದು ಅಪಘಾತದಲ್ಲಿ ಕುತ್ತಿಗೆಯನ್ನೇ ಕೊಯ್ಯಬಹುದು. ಸೊಂಟಕ್ಕೆ ಮಾತ್ರ ಕಟ್ಟಿದರೆ ಮೈಯ ಮೇಲ್ಭಾಗ ಸ್ವತಂತ್ರವಾಗಿ ಬೀಸುತ್ತದೆ.

ಆ ಬೀಸುವ ಬಲ ಎಷ್ಟು? ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಹೋಗುತ್ತಿರುವ ವಾಹನ ಮರಕ್ಕೋ ಲಾರಿಗೋ ಬಡಿದು ಒಂದು ಮೀಟರಿನೊಳಗೆ ನಿಂತಿತೆಂದುಕೊಂಡರೆ, ಒಳಗಿರುವ ಪ್ರತಿಯೊಬ್ಬನೂ ತನ್ನ ತೂಕದ ಸುಮಾರು ಹತ್ತು ಪಟ್ಟು ಬಲದಿಂದ ಮುಂದಕ್ಕೆ ಎಸೆಯಲ್ಪಡುತ್ತಾನೆ. 60 ಕಿಲೋ ಮನುಷ್ಯ ಆ ಕ್ಷಣಕ್ಕೆ 600 ಕಿಲೋ. ಅಡ್ಡ ಸೀಟಿನಲ್ಲಿ ಮೂವರು ಸಾಲಾಗಿ ಕುಳಿತಿದ್ದರೆ ಮುಂತುದಿಯಲ್ಲಿರುವವನ ಮೇಲೆ ಉಳಿದಿಬ್ಬರ ಭಾರವೂ ಬೀಳುತ್ತದೆ.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಅಡ್ಡ ಸೀಟಿನ ಮುಂತುದಿ ಅಚ್ಚಿನಿಂದ ಸ್ವಲ್ಪ ಮುಂದಿರುವುದರಿಂದ ಅಲ್ಲಿ ಕುಲುಕಾಟ ಕಡಿಮೆ. ಆದುದರಿಂದಲೇ ಮುದುಕರನ್ನೂ ಬಸುರಿಯರನ್ನೂ ಪ್ರೀತಿಯಿಂದ ಆ ಮೂಲೆಗೆ ಕೂರಿಸುತ್ತಾರೆ. ಗಟ್ಟಿಯಾಗಿ ಬ್ರೇಕು ಬಿದ್ದಾಗ ಎಲ್ಲರ ಭಾರವೂ ಬಂದು ಒರಗುವುದು ಅದೇ ಮೂಲೆಗೆ. ಹಾದಿ ಹಾಳಾಗಿದ್ದಷ್ಟು ಹೊತ್ತು ಅದು ಒಳ್ಳೆಯ ಜಾಗ. ಕೂಡ್ಲಿಗಿಯನ್ನು ಹಾದುಹೋಗುವ ಹೆದ್ದಾರಿಯಂತಹ ನುಣುಪು ರಸ್ತೆ ಸಿಕ್ಕಿ ವೇಗ ಏರಿದೊಡನೆ ಅದೇ ಕೆಟ್ಟ ಜಾಗ.

ಹುಡುಗಿಯ ವಾಂತಿಗೂ ಈ ದಿಕ್ಕೇ ಕಾರಣ. ಕಿವಿಯ ಒಳಗಿನ ಸಮತೋಲದ ಅಂಗ ದೇಹ ಓಲಾಡುತ್ತಿದೆಯೆಂದು ಮಿದುಳಿಗೆ ವರದಿ ಕೊಡುತ್ತದೆ. ಕಣ್ಣಿಗೆ ಕಾಣುವುದು ಮಾತ್ರ ತನ್ನಂತೆಯೇ ಓಲಾಡುತ್ತಿರುವ ಎದುರಿನವರ ಮುಖ. ಎರಡು ವರದಿಗಳು ತಾಳೆಯಾಗದಿದ್ದಾಗ ಹೊಟ್ಟೆ ತೊಳಸುತ್ತದೆ. ಮುಂದಿನ ಗಾಜಿನಿಂದ ರಸ್ತೆಯನ್ನು ನೋಡುವವನಿಗೆ ತಿರುವು ಬರುವುದು ಮೊದಲೇ ಗೊತ್ತಿರುತ್ತದೆ. ಚಾಲಕನಿಗೆ ವಾಂತಿ ಬಾರದಿರುವುದು ಇದರಿಂದಲೇ.

ಸೀಟು ಮತ್ತೆ ಮುಂದಕ್ಕೆ ತಿರುಗಿದ ಬಗೆ

ಈ ಅಪಾಯಗಳು ವಾಹನ ಕಟ್ಟುವವರಿಗೆ ತಿಳಿಯದೆ ಇರಲಿಲ್ಲ. 2005ರಲ್ಲಿ ಯುರೋಪು ಒಕ್ಕೂಟ ಹೊರಡಿಸಿದ ನಿರ್ದೇಶನವೊಂದು ಹೊಸ ಕಾರುಗಳಲ್ಲಿ ಅಡ್ಡ ಸೀಟನ್ನು ನಿಷೇಧಿಸಿತು. ದಶಕಗಳ ಕಾಲ ಎದುರುಬದುರು ಸೀಟುಗಳಿಗೆ ಹೆಸರಾಗಿದ್ದ ಇಂಗ್ಲೆಂಡಿನ ಲ್ಯಾಂಡ್ ರೋವರ್ ಡಿಫೆಂಡರ್ 2007ರಲ್ಲಿ ಮುಂದೆ ನೋಡುವ ಸೀಟುಗಳಿಗೆ ತಿರುಗಿತು.

ನಮ್ಮಲ್ಲಿ ತಿರುಗುವಿಕೆ ಇನ್ನೂ ನಿಧಾನವಾಯಿತು. 1985ರಲ್ಲಿ ಬಂದ ಮಾರುತಿ ಜಿಪ್ಸಿಯ ಹಿಂದೆ ಅಡ್ಡ ಬೆಂಚುಗಳಿದ್ದವು. 2010ರ ಥಾರ್ ಕೂಡ ಅದೇ ಸಂಪ್ರದಾಯವನ್ನು ಪಾಲಿಸಿತು. 2020ರ ಅಕ್ಟೋಬರ್‌ನಲ್ಲಿ ಹೊಸ ಥಾರ್ ಬಂದಾಗ ಮುಂದೆ ನೋಡುವ ಎರಡು ಸೀಟುಗಳ ಮಾದರಿಯೂ, ಅಡ್ಡ ಸೀಟುಗಳ ಮಾದರಿಯೂ ಎರಡೂ ಇದ್ದವು. ಅಡ್ಡ ಸೀಟಿನದನ್ನು ಬಹು ಬೇಗ ಕೈಬಿಡಲಾಯಿತು. ಆ ವರ್ಷವೇ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ಥಾರ್ ನಾಲ್ಕು ನಕ್ಷತ್ರಗಳನ್ನು ಪಡೆಯಿತು. 2021ರ ಗೂರ್ಖಾ, 2023ರ ಜಿಮ್ನಿ, 2024ರ ಐದು ಬಾಗಿಲಿನ ಥಾರ್ ರಾಕ್ಸ್ ಎಲ್ಲವೂ ಮುಂದೆಯೇ ನೋಡುತ್ತವೆ. ಮೂರು ಬಾಗಿಲಿನ ಥಾರ್‌ನಲ್ಲಿ ಅಚ್ಚುಗಳ ಅಂತರ 2,450 ಮಿಲಿಮೀಟರು, ರಾಕ್ಸ್‌ನಲ್ಲಿ 2,850. ಹೆಚ್ಚಿದ ಆ ನಾಲ್ಕು ನೂರು ಮಿಲಿಮೀಟರಿನ ಲಾಭದಲ್ಲಿ ದೊಡ್ಡ ಪಾಲು ಸಂದಿರುವುದು ಹಿಂದೆ ಕುಳಿತವರ ಮೊಣಕಾಲಿಗೆ ಮತ್ತು ಬೆನ್ನಿಗೆ.

ಆದರೆ ಹಳ್ಳಿಯ ಹಾದಿಯಲ್ಲಿ ಓಡುವ ವಾಹನಗಳೆಲ್ಲ ಹೊಸವಲ್ಲ. ಹಳೆಯ ಜೀಪಿನ ಒಡೆಯ ಇದನ್ನೆಲ್ಲ ಕೇಳಿ, "ಹಂಗಾದ್ರ ಸೀಟ್ ಕಿತ್ತು ಮುಂದಕ ತಿರುಗಿಸಿದ್ರಾತು" ಎಂದು ನೇರವಾಗಿ ಗ್ಯಾರೇಜಿಗೆ ಹೊರಡುವ ಸಂಭವವುಂಟು. ಅವಸರಪಡಬಾರದು.

ಅಲ್ಲಿ ನಡೆಯುವುದು ಇಷ್ಟು: ಹಳೆಯ ಬೆಂಚುಗಳನ್ನು ಬಿಚ್ಚಿ, ಯಾವುದೋ ಕಾರಿನ ಹಿಂದಿನ ಸೀಟನ್ನು ತಂದು, ಕೋನಪಟ್ಟಿಯ ಚೌಕಟ್ಟು ಮಾಡಿ, ನೆಲದ ತಗಡಿಗೆ ವೆಲ್ಡಿಂಗ್ ಮಾಡಿಬಿಡುತ್ತಾರೆ. ನೋಡಲು ಅಂದ. ಕುಳಿತರೆ ಹಿತ. ಆದರೆ ಆ ನೆಲ ಕಾಲಿಡಲು ಮಾಡಿದ ತೆಳು ತಗಡು. ಇಬ್ಬರು ಮನುಷ್ಯರನ್ನು ಡಿಕ್ಕಿಯಲ್ಲಿ ಹಿಡಿದಿಡಲು ಮಾಡಿದ್ದಲ್ಲ. ಮೇಲಿನ ಲೆಕ್ಕದಂತೆ ಇಬ್ಬರ ಭಾರ 1,200 ಕಿಲೋ ಆಗುವ ಕ್ಷಣದಲ್ಲಿ ತಗಡು ಕಾಗದದಂತೆ ಹರಿದು, ಸೀಟು ಕುಳಿತವರ ಸಮೇತ ಚಾಲಕನ ಬೆನ್ನಿಗೆ ಬಂದು ಬಡಿಯುತ್ತದೆ. ಕಾರ್ಖಾನೆಯಲ್ಲಿ ಸೀಟಿನ ಬೋಲ್ಟುಗಳನ್ನು ದಪ್ಪ ಉಕ್ಕಿನ ಬಲಪಟ್ಟಿಗಳಿಗೆ ಬಿಗಿದಿರುತ್ತಾರೆ. ಬೆಲ್ಟಿನ ಬುಡವನ್ನು ಇನ್ನೂ ಬಲವಾದ ಕಡೆ ಕೂರಿಸಿರುತ್ತಾರೆ. ಕಣ್ಣಿಗೆ ಕಾಣದ ಈ ಕೆಲಸವೇ ಸೀಟಿನ ಬೆಲೆಯ ಬಹುಭಾಗ.

ಕಾನೂನೂ ಅಡ್ಡ ಬರುತ್ತದೆ. ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ವಿವರಕ್ಕೂ ತಯಾರಕರು ನಿಗದಿಪಡಿಸಿದ ರೂಪಕ್ಕೂ ಹೊಂದದಂತೆ ವಾಹನವನ್ನು ಮಾರ್ಪಡಿಸಲಾಗದು; 2019ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಆದುದರಿಂದ ಸೀಟಿನ ದಿಕ್ಕನ್ನಾಗಲಿ ಸಂಖ್ಯೆಯನ್ನಾಗಲಿ ಬದಲಿಸಬಯಸುವವರು ಮೊದಲು ಹೋಗಬೇಕಾದುದು ಆರ್.ಟಿ.ಓ. ಕಚೇರಿಗೆ, ವೆಲ್ಡಿಂಗ್ ಅಂಗಡಿಗೆ ಆಮೇಲೆ.

ಬೆಲ್ಟಿನ ವಿಷಯದಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳ 138ನೆಯ ನಿಯಮ, ಬೆಲ್ಟು ಒದಗಿಸಿರುವ ವಾಹನಗಳಲ್ಲಿ ಮುಂದೆ ನೋಡುವ ಹಿಂದಿನ ಸೀಟಿನಲ್ಲಿ ಕುಳಿತವರೂ ಅದನ್ನು ಕಟ್ಟಬೇಕೆನ್ನುತ್ತದೆ. "ಮುಂದೆ ನೋಡುವ" ಎಂಬ ಎರಡು ಶಬ್ದಗಳನ್ನು ಗಮನಿಸಿದಿರಾ? ಅಡ್ಡ ಸೀಟಿನವರು ಆ ವಾಕ್ಯದ ಹೊರಗೆ ಉಳಿದಿದ್ದಾರೆ.

ಕಡಲೆಕಾಯಿ ಸಿಪ್ಪೆಯ ಕಥೆ

ಹೊಸ ವಾಹನಗಳಲ್ಲಿ ತೊಂದರೆ ಬೇರೆ ಬಗೆಯದು. ಅವುಗಳ ಸೀಟುಗಳು ಮಡಚುತ್ತವೆ, ಕೆಲವು ಹಳಿಯ ಮೇಲೆ ಸರಿಯುತ್ತವೆ, ಕೆಲವುಗಳ ಬೆನ್ನು ಒರಗುತ್ತದೆ. ಇವೆಲ್ಲಕ್ಕೂ ಒಂದೊಂದು ಕೊಂಡಿ. ಕೊಂಡಿ ತನ್ನ ಗುಳಿಯಲ್ಲಿ ಪೂರಾ ಇಳಿದರೆ ಮಾತ್ರ ಸೀಟು ಭದ್ರ. ಕೊಟ್ಟೂರಿನ ಮಂಡಕ್ಕಿ, ಹೊಲದಿಂದ ನೇರ ಬಂದ ಕಡಲೆಕಾಯಿ, ಮಸಾರಿ ನೆಲದ ಕೆಂಧೂಳು — ಈ ಮೂರೂ ಸೇರಿ ಹಳಿಯ ಸಂದಿಯಲ್ಲಿ ಕೂತುಬಿಟ್ಟರೆ ಕೊಂಡಿ ಅರ್ಧಕ್ಕೇ ನಿಲ್ಲುತ್ತದೆ. ಹೊರಗಿನಿಂದ ಸೀಟು ಸರಿಯಾಗಿಯೇ ಕಾಣುತ್ತದೆ. ಬ್ರೇಕು ಬಿದ್ದಾಗ ಮಾತ್ರ ಗುಟ್ಟು ಹೊರಬೀಳುತ್ತದೆ. ಆದುದರಿಂದ ಸೀಟನ್ನು ಮಡಚಿ ಮತ್ತೆ ನಿಲ್ಲಿಸಿದ ಪ್ರತಿ ಸಲವೂ ಅದರ ಬೆನ್ನನ್ನು ಎರಡೂ ಕೈಗಳಿಂದ ಹಿಡಿದು ಹಿಂದಕ್ಕೂ ಮುಂದಕ್ಕೂ ಬಲವಾಗಿ ಅಲುಗಾಡಿಸಿ ನೋಡಬೇಕು. ಎಡಬಲ ಎರಡು ಕೊಂಡಿಗಳಿದ್ದರೆ ಎರಡನ್ನೂ ನೋಡಬೇಕು. ಒಂದು ಬಿದ್ದು ಇನ್ನೊಂದು ಬೀಳದಿರುವುದೇ ಹೆಚ್ಚು. ಓಡುವ ವಾಹನದಲ್ಲಿ ಸೀಟನ್ನು ಸರಿಸುವ ಗೋಜಿಗೆ ಹೋಗಲೇಬಾರದು.

ಒರಗು ಹೆಚ್ಚಾದಷ್ಟೂ ಸುಖವೆಂಬ ಭ್ರಮೆಯೂ ಒಂದಿದೆ. ಬೆನ್ನು ತೀರ ಒರಗಿದ್ದರೆ ಡಿಕ್ಕಿಯ ವೇಳೆ ಮೈ ಬೆಲ್ಟಿನ ಅಡಿಯಿಂದ ಜಾರಿ, ಸೊಂಟದ ಮೂಳೆಯ ಮೇಲಿರಬೇಕಾದ ಪಟ್ಟಿ ಹೊಟ್ಟೆಯ ಮೇಲೇರುತ್ತದೆ. ಕಚ್ಚಾ ಹಾದಿಯಲ್ಲಿಯಂತೂ ಒರಗಿ ಮಲಗಿದವನ ತಲೆ ಪ್ರತಿ ಗುಂಡಿಗೂ ಒರಗಿನಿಂದ ಎದ್ದೆದ್ದು ಬೀಳುತ್ತದೆ. ಬೆನ್ನು ಪೂರ್ತಿಯಾಗಿ ಸೀಟಿಗೆ ತಾಗಿರಬೇಕು, ಪಾದ ನೆಲಕ್ಕೆ ಊರಿರಬೇಕು, ತಲೆಯಾಸರೆ ಕುತ್ತಿಗೆಯ ಬಳಿಯಲ್ಲಿರದೆ ತಲೆಯ ಹಿಂಬದಿಗೇ ಬರಬೇಕು. ಅಷ್ಟಾದರೆ ಸಾಕು.

ಹಳೆಯ ಜೀಪಿನವರೂ ಕೈಕಟ್ಟಿ ಕೂರಬೇಕಾಗಿಲ್ಲ. ಭಾರವಾದ ಚೀಲಗಳನ್ನು ಕಟ್ಟಕಡೆಗೆ ಹಾಕದೆ ಮುಂದಿನ ಸೀಟಿನ ಬೆನ್ನಿಗೆ ಒತ್ತಿ ನೆಲದ ಮೇಲಿಟ್ಟು ಕಟ್ಟುವುದು, ಟೈರಿಗೆ ಕಂಪನಿ ಹೇಳಿದಷ್ಟೇ ಗಾಳಿ ತುಂಬಿಸುವುದು, ತಲೆಗೆ ತಾಗುವ ಪೈಪಿಗೆ ದಪ್ಪ ರಬ್ಬರು ಸುತ್ತುವುದು, ಸೀಟಿನ ಬೋಲ್ಟುಗಳನ್ನು ಆಗಾಗ ಬಿಗಿಮಾಡಿಸುವುದು ಇವಕ್ಕೆ ಯಾವ ಕಚೇರಿಯ ಅಪ್ಪಣೆಯೂ ಬೇಡ. ಇವೆಲ್ಲಕ್ಕಿಂತ ಮೇಲಾದದ್ದು ಯಾರನ್ನು ಎಲ್ಲಿ ಕೂರಿಸಬೇಕೆಂಬ ವಿವೇಕ. ಸೀಟನ್ನು ಸರಿಸಲಾಗದಿದ್ದರೂ ಕುಳಿತವರನ್ನು ಸರಿಸಬಹುದಷ್ಟೆ.

ಮೈಲಾರದ ಹಾದಿಯಲ್ಲಿ ಈ ವಿವೇಕವುಳ್ಳ ಚಾಲಕರು ಇಲ್ಲದೆ ಇಲ್ಲ. ಅಂತಹವನ ಜೀಪಿನಲ್ಲಿ ಮುದುಕಿ ಮುಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು ಕೂರುತ್ತಾಳೆ. ಅಲ್ಲಿ ಕೂರಬೇಕೆಂದು ಬಂದ ಊರ ಪ್ರಮುಖರು ಹಿಂದೆ ಹೋಗುತ್ತಾರೆ. ಮಂಡಕ್ಕಿಯ ಚೀಲ ಹಗುರವಾದ್ದರಿಂದ ಅದಕ್ಕೆ ಕಟ್ಟಕಡೆಯ ಜಾಗ. ಮೊದಲನೆಯ ಹಳ್ಳ ದಾಟಿದ ಮೇಲೆ ಹಿಂದಿನಿಂದ ಪ್ರಮುಖರ ಧ್ವನಿ ಕೇಳಿಬರುತ್ತದೆ: "ಲೇ ತಮ್ಮಾ, ಸ್ವಲ್ಪ ಮೆಲ್ಲಕ ಹೊಡಿಯೋ!"